ದಾಳಿಯಿಂದ ಬದುಕುಳಿದವರು ಮತ್ತೆ ಕೆಲಸಕ್ಕೆ ಹೋಗುವಾಗ

ಭಯೋತ್ಪಾದಕ ದಾಳಿ ನಡೆದ ಮರುದಿನದ ಪತ್ರಿಕೆಯಲ್ಲಿ ಎರಡು ಅಂಕಿಗಳು ದಪ್ಪ ಅಕ್ಷರಗಳಲ್ಲಿರುತ್ತವೆ: ಸತ್ತವರೆಷ್ಟು, ಗಾಯಗೊಂಡವರೆಷ್ಟು. 2008ರ ನವೆಂಬರ್ 26ರ ರಾತ್ರಿ ಮುಂಬೈಯಲ್ಲಿ ಶುರುವಾಗಿ 29ರ ಶನಿವಾರ ಬೆಳಿಗ್ಗೆ ಮುಗಿದ ದಾಳಿಯ ಮಟ್ಟಿಗೆ ಆ ಅಂಕಿಗಳು 166 ಮತ್ತು ಸುಮಾರು 300. ತಾಜ್ ಹೋಟೆಲಿನ ಅಡುಗೆಮನೆಗಳಲ್ಲಿ, ಟ್ರೈಡೆಂಟ್ ಮತ್ತು ಒಬೆರಾಯ್ ಹೋಟೆಲುಗಳ ಕಾರಿಡಾರುಗಳಲ್ಲಿ, ಛತ್ರಪತಿ ಶಿವಾಜಿ ಟರ್ಮಿನಸ್‌ನ ಪ್ಲಾಟ್‌ಫಾರಂಗಳಲ್ಲಿ, ಕಾಮಾ ಆಸ್ಪತ್ರೆಯ ವಾರ್ಡುಗಳಲ್ಲಿ ಸಿಕ್ಕಿಬಿದ್ದು, ಮೈಮೇಲೆ ಒಂದು ಗೀರೂ ಇಲ್ಲದೆ ಹೊರಬಂದ ನೂರಾರು ಜನ ಈ ಎರಡರಲ್ಲಿ ಯಾವ ಅಂಕಿಗೂ ಸೇರುವುದಿಲ್ಲ. ಅವರಲ್ಲಿ ಅನೇಕರು ಅಲ್ಲಿದ್ದದ್ದೇ ಡ್ಯೂಟಿಯ ಮೇಲೆ. ವೇಟರ್, ಬಾಣಸಿಗ, ಟೆಲಿಫೋನ್ ಆಪರೇಟರ್, ನರ್ಸ್, ಹಮಾಲಿ, ಟಿಕೆಟ್ ತಪಾಸಕ, ಪೊಲೀಸ್ ಕಾನ್ಸ್‌ಟೆಬಲ್ ಹೀಗೆ ದಿನದ ಅನ್ನಕ್ಕಾಗಿ ಆ ಜಾಗಕ್ಕೆ ಬಂದವರು, ಕೆಲವೇ ದಿನಗಳಲ್ಲಿ ಅದೇ ಅನ್ನಕ್ಕಾಗಿ ಅದೇ ಜಾಗಕ್ಕೆ ಮತ್ತೆ ಹೋಗಬೇಕಾಯಿತು.

ಇಂಥವರ ಮನಸ್ಸಿನಲ್ಲಿ ಏನಾಗುತ್ತದೆ, ಅವರ ಕೆಲಸ ಏನಾಗುತ್ತದೆ ಎಂಬುದರ ಬಗ್ಗೆ ಕಳೆದ ಮೂವತ್ತು ವರ್ಷಗಳಲ್ಲಿ ಜಗತ್ತಿನ ಹಲವೆಡೆ ಗಂಭೀರ ಅಧ್ಯಯನಗಳು ನಡೆದಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಸ್ಪಷ್ಟವಾಗಿ ಕಾಣುವುದು ಒಂದು ಸಂಗತಿ. ಬದುಕುಳಿದವರ ಚೇತರಿಕೆಯನ್ನು ನಾವು ಅವರ ಗಟ್ಟಿತನದ ಪರೀಕ್ಷೆ ಎಂದು ತಿಳಿದಿದ್ದೇವೆ. ವಾಸ್ತವದಲ್ಲಿ ಆ ಚೇತರಿಕೆಯ ದೊಡ್ಡ ಪಾಲು ಅವರು ಮರಳಿ ಹೋಗುವ ಕೆಲಸದ ಸ್ಥಳ, ಅಲ್ಲಿನ ಮೇಲಧಿಕಾರಿ ಮತ್ತು ರಜೆ-ಸಂಬಳದ ನಿಯಮಗಳ ಕೈಯಲ್ಲಿದೆ. ನಮ್ಮ ದೇಶದ ಪರಿಹಾರ ವ್ಯವಸ್ಥೆಯಾದರೋ ಮನಸ್ಸಿಗಾದ ಗಾಯವನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಮೊದಲು ಮನಸ್ಸಿನ ವಿಷಯ. ಜೀವಕ್ಕೆ ಕುತ್ತು ಬಂದ ಗಳಿಗೆಯಲ್ಲಿ ದೇಹ ತನ್ನೆಲ್ಲ ಶಕ್ತಿಯನ್ನು ತಪ್ಪಿಸಿಕೊಳ್ಳುವುದಕ್ಕೆ ಮೀಸಲಿಡುತ್ತದೆ. ಎದೆಬಡಿತ ಏರುತ್ತದೆ, ಕಿವಿ ಕಣ್ಣುಗಳು ಚುರುಕಾಗುತ್ತವೆ, ಆ ಕ್ಷಣದ ಸದ್ದು, ವಾಸನೆ, ಬೆಳಕುಗಳು ಹಿಂದುಮುಂದಿಲ್ಲದೆ ಚೂರುಚೂರಾಗಿ, ಆದರೆ ಬಹಳ ಆಳವಾಗಿ ನೆನಪಿನಲ್ಲಿ ಕೂರುತ್ತವೆ. ಅಪಾಯ ಕಳೆದ ಮೇಲೂ ಈ ಎಚ್ಚರ ಕೂಡಲೇ ಇಳಿಯುವುದಿಲ್ಲ. ಮೊದಲ ಕೆಲವು ವಾರಗಳಲ್ಲಿ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಊಟ ಸೇರದಿರುವುದು, ಕಾರಣವಿಲ್ಲದೆ ರೇಗುವುದು, ಕೆಲವೊಮ್ಮೆ ಅಳುವೂ ಬಾರದೆ ಮರಗಟ್ಟಿದಂತಾಗುವುದು, ಇವು ಯಾರಿಗಾದರೂ ಆಗುವಂಥವು. ಇವನ್ನು ಕಾಯಿಲೆ ಎಂದು ಕರೆಯಲಾಗದು. ಇವೇ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು, ನಡೆದದ್ದು ಬೇಡವೆಂದರೂ ಮತ್ತೆ ಮತ್ತೆ ಕಣ್ಣೆದುರು ಬರತೊಡಗಿ, ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ಮನುಷ್ಯ ದೂರ ಸರಿಯತೊಡಗಿ, ದಿನದ ಬದುಕೇ ಅಸ್ತವ್ಯಸ್ತವಾದಾಗ ವೈದ್ಯರು ಅದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ಅಧಿಕೃತ ಪಟ್ಟಿಯಲ್ಲಿ ಈ ಕಾಯಿಲೆಗೆ ಜಾಗ ಸಿಕ್ಕಿದ್ದು 1980ರಲ್ಲಿ.

ಎಷ್ಟು ಜನರಿಗೆ ಹೀಗಾಗುತ್ತದೆ? 1995ರ ಏಪ್ರಿಲ್‌ನಲ್ಲಿ ಅಮೆರಿಕದ ಓಕ್ಲಹೋಮ ಸಿಟಿಯ ಸರ್ಕಾರಿ ಕಚೇರಿಯೊಂದಕ್ಕೆ ಟ್ರಕ್ ಬಾಂಬ್ ಇಟ್ಟಾಗ 168 ಜನ ಸತ್ತರು. ಸ್ಫೋಟಕ್ಕೆ ನೇರವಾಗಿ ಸಿಕ್ಕಿ ಬದುಕುಳಿದ 182 ಜನರನ್ನು ಸುಮಾರು ಆರು ತಿಂಗಳ ನಂತರ ಸಂದರ್ಶಿಸಿದ ಅಧ್ಯಯನದಲ್ಲಿ ಶೇ 34ರಷ್ಟು ಮಂದಿಗೆ ಪಿಟಿಎಸ್‌ಡಿ ಇರುವುದು ಕಂಡುಬಂತು. ಇದನ್ನು ಎರಡೂ ಕಡೆಯಿಂದ ಓದಬೇಕು. ಮೂವರಲ್ಲಿ ಇಬ್ಬರಿಗೆ ಆ ಕಾಯಿಲೆ ಬರಲಿಲ್ಲ. ಮನುಷ್ಯರು ನಾವಂದುಕೊಳ್ಳುವುದಕ್ಕಿಂತ ಗಟ್ಟಿಗರು ಎಂಬುದು ನಿಜ. ಮೂವರಲ್ಲಿ ಒಬ್ಬರಿಗೆ ಬಂತು. ಅವರು ಅಷ್ಟು ದುರ್ಬಲರಾಗಿದ್ದರು ಎಂದು ಇದರರ್ಥವಲ್ಲ, ಅವರು ಕಂಡದ್ದು ಅಷ್ಟು ಭೀಕರವಾಗಿತ್ತು. 2011ರ ಜುಲೈ 22ರಂದು ನಾರ್ವೆಯ ರಾಜಧಾನಿ ಓಸ್ಲೊದ ಸರ್ಕಾರಿ ಕಚೇರಿಗಳ ಸಮುಚ್ಚಯದಲ್ಲಿ ಬಾಂಬ್ ಸಿಡಿಸಿದ ಬಲಪಂಥೀಯ ಉಗ್ರನೊಬ್ಬ, ಅದೇ ಸಂಜೆ ಉಟೋಯ ದ್ವೀಪದಲ್ಲಿ ಯುವಜನರ ಶಿಬಿರದ ಮೇಲೆ ಗುಂಡು ಹಾರಿಸಿ, ಒಟ್ಟು 77 ಜನರನ್ನು ಕೊಂದ. ಹತ್ತು ತಿಂಗಳ ನಂತರ ಅಲ್ಲಿನ ಸಚಿವಾಲಯಗಳ ನೌಕರರ ಸಮೀಕ್ಷೆ ನಡೆದಾಗ, ಸ್ಫೋಟದ ಹೊತ್ತಿನಲ್ಲಿ ಕಚೇರಿಯಲ್ಲಿದ್ದವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಯಲ್ಲಿ ಪಿಟಿಎಸ್‌ಡಿಯ ಲಕ್ಷಣಗಳಿದ್ದವು. ಆ ದಿನ ಕಚೇರಿಯಲ್ಲೇ ಇರದಿದ್ದವರಲ್ಲೂ ಶೇ 4ರಷ್ಟು ಮಂದಿಗೆ ಇದ್ದವು.

ಆ ಶೇ 4ನ್ನು ಸಣ್ಣ ಸಂಖ್ಯೆ ಎಂದು ದಾಟಿಬಿಡಬಾರದು. ಪಾಳಿಯ ಮೇಲೆ ನಡೆಯುವ ಯಾವುದೇ ಕೆಲಸದಲ್ಲಿ ಆ ರಾತ್ರಿ ಡ್ಯೂಟಿ ಬದಲಾಯಿಸಿಕೊಂಡವರು, ಜ್ವರವೆಂದು ರಜೆ ಹಾಕಿದವರು, ಐದು ನಿಮಿಷ ಮೊದಲು ಮನೆಗೆ ಹೊರಟವರು ಇದ್ದೇ ಇರುತ್ತಾರೆ. ತನ್ನ ಜಾಗದಲ್ಲಿ ನಿಂತವನು ಸತ್ತ, ತಾನು ಉಳಿದೆ ಎಂಬ ಎಣಿಕೆ ಅವರನ್ನು ಬಿಡುವುದಿಲ್ಲ. ಊರಿನವರು, ಬಂಧುಗಳು ಬಂದು ‘ದೇವರು ದೊಡ್ಡವನು, ನಿನ್ನ ಆಯುಸ್ಸು ಗಟ್ಟಿ ಇತ್ತು’ ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು ಅದು. ಆದರೆ ಸಹೋದ್ಯೋಗಿಯ ಹೆಂಡತಿ ಮಕ್ಕಳ ಮುಖ ನೋಡಬೇಕಾದವನಿಗೆ ಆ ಮಾತು, ಹಾಗಾದರೆ ಅವನ ಆಯುಸ್ಸು ಗಟ್ಟಿ ಇರಲಿಲ್ಲವೇ, ದೇವರು ಅವನ ಪಾಲಿಗೆ ದೊಡ್ಡವನಲ್ಲವೇ ಎಂಬ ಪ್ರಶ್ನೆಯಾಗಿ ತಿರುಗುತ್ತದೆ. ಇದಕ್ಕೆ ಉತ್ತರವಿಲ್ಲದ್ದರಿಂದ ಅವನು ಮಾತನ್ನೇ ಬಿಡುತ್ತಾನೆ. ಕಚೇರಿಯಲ್ಲಿ ಅದನ್ನು ಜಂಭ ಎಂದೋ ಸೋಮಾರಿತನ ಎಂದೋ ಓದಲಾಗುತ್ತದೆ.

ಕೆಲಸದ ಜಾಗಕ್ಕೆ ಬರೋಣ. ಕೆಲಸ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದರಲ್ಲಿ ಸತ್ಯವೂ ಇದೆ. ಬೆಳಿಗ್ಗೆ ಏಳಲು ಒಂದು ಕಾರಣ, ನಾಲ್ಕು ಪರಿಚಿತ ಮುಖಗಳು, ಕೈಗೆ ತಿಳಿದಿರುವ ಕೆಲಸ, ತಿಂಗಳ ಕೊನೆಯ ಸಂಬಳ ಇವೆಲ್ಲ ಕುಸಿದ ಬದುಕಿಗೆ ಆಸರೆಯಾಗುತ್ತವೆ. ಆದರೆ ದಾಳಿ ನಡೆದದ್ದೇ ಕೆಲಸದ ಜಾಗದಲ್ಲಿ ಎಂದಾದಾಗ ಈ ಔಷಧಿಯೂ ಗಾಯವೂ ಒಂದೇ ಕಟ್ಟಡದೊಳಗೆ ಇರುತ್ತವೆ. ಹೋಟೆಲಿನ ಅಡುಗೆಮನೆಯಲ್ಲಿ ತಟ್ಟೆಗಳ ಅಟ್ಟಿಯೊಂದು ಜಾರಿ ನೆಲಕ್ಕೆ ಬಿದ್ದರೆ ಆಗುವ ಸದ್ದನ್ನು ಯೋಚಿಸಿ. ಆ ಸದ್ದು ಅಲ್ಲಿ ದಿನಕ್ಕೊಮ್ಮೆಯಾದರೂ ಆಗುವಂಥದು. ಗುಂಡಿನ ಸದ್ದು ಕೇಳಿ ಕೋಲ್ಡ್ ರೂಮಿನಲ್ಲಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂತಿದ್ದ ಬಾಣಸಿಗನೊಬ್ಬನ ದೇಹ ಆ ಸದ್ದಿಗೆ ತಾನಾಗಿಯೇ ಬಗ್ಗುತ್ತದೆ, ಕೈಯಲ್ಲಿದ್ದ ಪಾತ್ರೆ ಚೆಲ್ಲುತ್ತದೆ, ಪಕ್ಕದಲ್ಲಿದ್ದ ಹೊಸ ಹುಡುಗ ನಗುತ್ತಾನೆ. ಅದು ತಟ್ಟೆಯ ಸದ್ದೆಂದು ಮನಸ್ಸಿಗೆ ತಿಳಿಯುವಷ್ಟರಲ್ಲಿ ಮೈ ಬೆವರಿ, ಎದೆ ಬಡಿದುಕೊಂಡು ಆಗಿರುತ್ತದೆ; ಮುಂದಿನ ಅರ್ಧ ಗಂಟೆ ಅವನಿಂದ ಕೆಲಸ ಸಾಗದು. ಸಂಜೆಯ ಹೊತ್ತಿಗೆ ಅವನು ದಣಿದಿರುವುದು ಒಲೆಯ ಮುಂದೆ ನಿಂತದ್ದರಿಂದ ಅಲ್ಲ, ಇಡೀ ದಿನ ಬಾಗಿಲ ಕಡೆಗೆ ಒಂದು ಕಣ್ಣಿಟ್ಟದ್ದರಿಂದ.

ತಾಜ್ ಹೋಟೆಲಿನ ಟವರ್ ಭಾಗ ದಾಳಿ ಮುಗಿದು ಒಂದು ತಿಂಗಳು ತುಂಬುವ ಮೊದಲೇ, 2008ರ ಡಿಸೆಂಬರ್ 21ರಂದು ಬಾಗಿಲು ತೆರೆಯಿತು. ಟ್ರೈಡೆಂಟ್ ಹೋಟೆಲ್ ಕೂಡ ಅದೇ ದಿನ ತೆರೆಯಿತು. ಬೆಂಕಿಗೆ ಸಿಕ್ಕಿದ್ದ ತಾಜ್‌ನ ಹಳೆಯ ಪ್ಯಾಲೇಸ್ ಭಾಗ ಪೂರ್ತಿ ಸಜ್ಜಾಗಿ ಮರಳಿ ತೆರೆದದ್ದು 2010ರ ಆಗಸ್ಟ್ 15ರಂದು. ಅಂದರೆ ಸುಮಾರು ಇಪ್ಪತ್ತು ತಿಂಗಳ ಕಾಲ ಅಲ್ಲಿನ ಸಿಬ್ಬಂದಿ, ತಮ್ಮ ಸಂಗಾತಿಗಳು ಸತ್ತ ಕಟ್ಟಡದ ಮಗ್ಗುಲಲ್ಲೇ ಅತಿಥಿಗಳಿಗೆ ನಗುಮುಖದಿಂದ ನಮಸ್ಕಾರ ಹೇಳುತ್ತ ಕೆಲಸ ಮಾಡಿದರು. ಲಿಯೊಪೋಲ್ಡ್ ಕೆಫೆ ಕೆಲವೇ ದಿನಗಳಲ್ಲಿ ತೆರೆಯಿತು. ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನು ಅದು ಹಾಗೆಯೇ ಉಳಿಸಿಕೊಂಡಿದೆ. ಪ್ರವಾಸಿಗರಿಗೆ ಅದು ಫೋಟೊ ತೆಗೆದುಕೊಳ್ಳುವ ಜಾಗ. ಆ ರಾತ್ರಿ ಅಲ್ಲಿ ತಟ್ಟೆ ಹಿಡಿದು ಓಡಾಡುತ್ತಿದ್ದವರಿಗೆ ಪ್ರತಿ ಸಲ ಆರ್ಡರ್ ಬರೆದುಕೊಳ್ಳುವಾಗ ಎದುರಾಗುವ ಗೋಡೆ. ಬೇಗ ತೆರೆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಮುಚ್ಚಿದ ಬಾಗಿಲು ಸಿಬ್ಬಂದಿಯ ಹೊಟ್ಟೆಗೂ ಪೆಟ್ಟು, ದಾಳಿಕೋರರಿಗೂ ಬೇಕಾದದ್ದು ಅದೇ. ಆದರೆ ಬಾಗಿಲು ತೆರೆಯುವುದಕ್ಕೂ ಒಳಗೆ ಯಾರು, ಎಂದಿನಿಂದ, ಯಾವ ಕೆಲಸಕ್ಕೆ ನಿಲ್ಲಬೇಕೆಂದು ತೀರ್ಮಾನಿಸುವುದಕ್ಕೂ ನಡುವೆ ಇರುವ ಅಂತರವನ್ನು ನಾವು ಗಮನಿಸುವುದೇ ಇಲ್ಲ.

ತಾಜ್ ಹೋಟೆಲಿನ ಸಿಬ್ಬಂದಿ ಅತಿಥಿಗಳನ್ನು ಬಿಟ್ಟು ಓಡಲಿಲ್ಲ. ಹೋಟೆಲಿನ ಜನರಲ್ ಮ್ಯಾನೇಜರ್ ಅದೇ ಕಟ್ಟಡದ ಆರನೆಯ ಮಹಡಿಯಲ್ಲಿ ಪತ್ನಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡರೂ ಜನರನ್ನು ಹೊರಸಾಗಿಸುವ ಹೊಣೆಯಿಂದ ಕದಲಲಿಲ್ಲ. ಈ ನಿಷ್ಠೆ ಇಂದು ಬಿಸಿನೆಸ್ ಶಾಲೆಗಳಲ್ಲಿ ಪಾಠವಾಗಿದೆ, ಆಗಲೇಬೇಕಾದದ್ದು. ನನಗೆ ಕೊರತೆಯೆನಿಸುವುದು ಆ ಪಾಠ ಬಹುತೇಕ ಮೂರು ದಿನಗಳಲ್ಲಿ ಮುಗಿದುಹೋಗುತ್ತದೆ ಎಂಬುದು. ಅದೇ ಜನರ ಮುಂದಿನ ಮೂರು ವರ್ಷಗಳ ಬಗ್ಗೆ ಅಷ್ಟೇ ಆಸಕ್ತಿಯಿಂದ ಯಾರೂ ಕೇಳುವುದಿಲ್ಲ. ಟಾಟಾ ಸಮೂಹ ಡಿಸೆಂಬರ್ 2008ರಲ್ಲೇ ಸ್ಥಾಪಿಸಿದ ತಾಜ್ ಪಬ್ಲಿಕ್ ಸರ್ವಿಸ್ ವೆಲ್ಫೇರ್ ಟ್ರಸ್ಟ್, ತನ್ನ ನೌಕರರಿಗಷ್ಟೇ ಸೀಮಿತವಾಗದೆ, ಹೊರಗಿನ ಸಂತ್ರಸ್ತರಿಗೂ ನೆರವು ಚಾಚಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಂಥ ಬೆನ್ನೆಲುಬು ಎಲ್ಲರಿಗೂ ಇರಲಿಲ್ಲ. ಅಂದು ಅತಿ ಹೆಚ್ಚು ಜನ, 58 ಮಂದಿ, ಸತ್ತದ್ದು ರೈಲು ನಿಲ್ದಾಣದಲ್ಲಿ. ಅಲ್ಲಿ ಚಹಾ ಮಾರುವವರಿಗೆ, ಮೂಟೆ ಹೊರುವವರಿಗೆ, ಗುತ್ತಿಗೆಯ ಮೇಲೆ ನೆಲ ಒರೆಸುವವರಿಗೆ ರಜೆ ಎಂಬುದಿಲ್ಲ, ಕೌನ್ಸೆಲಿಂಗ್ ವ್ಯವಸ್ಥೆ ಮಾಡುವ ಎಚ್‌ಆರ್ ವಿಭಾಗವೂ ಇಲ್ಲ. ಅವರು ಮರುದಿನವೇ ಮರಳಿದರೆ ಅದಕ್ಕೆ ನಾವು ಕೊಡುವ ಹೆಸರು ‘ಮುಂಬೈ ಸ್ಪಿರಿಟ್’.

2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳ ಫಸ್ಟ್ ಕ್ಲಾಸ್ ಬೋಗಿಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಸ್ಫೋಟಗಳಾಗಿ 180ಕ್ಕೂ ಹೆಚ್ಚು ಜನ ಸತ್ತಾಗಲೂ ಈ ಹೆಸರು ಕೇಳಿತ್ತು. ಮರುದಿನ ರೈಲುಗಳು ಓಡಿದವು, ಜನ ಹತ್ತಿದರು. ವಿರಾರ್‌ನಲ್ಲಿ ಮನೆ, ಚರ್ಚ್‌ಗೇಟ್‌ನಲ್ಲಿ ಕಚೇರಿ ಇರುವವನಿಗೆ ಲೋಕಲ್ ಬಿಟ್ಟರೆ ಬೇರೆ ದಾರಿ ಯಾವುದು? ಇಂಥವರ ವಿಷಯದಲ್ಲಿ ಕಚೇರಿ ಸುರಕ್ಷಿತವಾಗಿದ್ದರೂ ಕಚೇರಿಗೆ ಹೋಗುವ ಹಾದಿಯೇ ದಾಳಿಯ ಸ್ಥಳವಾಗಿರುತ್ತದೆ. ದಿನಕ್ಕೆ ಎರಡು ಬಾರಿ ಅದೇ ಬೋಗಿ, ಅದೇ ನೂಕುನುಗ್ಗಲು, ತಲೆಯ ಮೇಲಿನ ಹಲಗೆಯಲ್ಲಿ ವಾರಸುದಾರರು ಯಾರೆಂದು ತಿಳಿಯದ ಒಂದು ಬ್ಯಾಗು. ಮನೋವೈದ್ಯರು ಭಯವನ್ನು ಎದುರಿಸಲು ಮೆಲ್ಲಮೆಲ್ಲಗೆ, ರೋಗಿಯ ಒಪ್ಪಿಗೆಯಿಂದ, ಪಕ್ಕದಲ್ಲಿ ನಿಂತು ಆ ಜಾಗಕ್ಕೆ ಮರಳಿಸುವ ಚಿಕಿತ್ಸಾಕ್ರಮವೊಂದಿದೆ. ಅದು ಫಲ ಕೊಡುತ್ತದೆ. ಬೇರೆ ದಾರಿಯಿಲ್ಲದೆ ಹಲ್ಲು ಕಚ್ಚಿ ದಿನವೂ ಅದೇ ರೈಲು ಹತ್ತುವುದು ಹೊರನೋಟಕ್ಕೆ ಇದರಂತೆಯೇ ಕಾಣುತ್ತದೆ. ಆದರೆ ಮೊದಲನೆಯದರಲ್ಲಿ ಹಿಡಿತ ಬದುಕುಳಿದವರ ಕೈಯಲ್ಲಿದೆ, ಎರಡನೆಯದರಲ್ಲಿ ಇಲ್ಲ. ಹಿಡಿತ ಇದ್ದಾಗ ಭಯ ಕರಗುತ್ತದೆ, ಇಲ್ಲದಿದ್ದಾಗ ಹಲವರಲ್ಲಿ ಅದು ಇನ್ನಷ್ಟು ಬೇರೂರುತ್ತದೆ.

ಹಿಡಿತ ಮರಳಿ ಸಿಗುವುದು ಎಂದರೇನು ಎಂಬುದಕ್ಕೆ ಕಾಮಾ ಆಸ್ಪತ್ರೆಯ ನರ್ಸ್ ಅಂಜಲಿ ಕುಲ್ತೆ ಅವರ ನಡೆಯೊಂದು ನನಗೆ ನೆನಪಾಗುತ್ತದೆ. ಆ ರಾತ್ರಿ ಇಬ್ಬರು ಬಂದೂಕುಧಾರಿಗಳು ಆಸ್ಪತ್ರೆಗೆ ನುಗ್ಗಿದಾಗ ಅವರು ತಮ್ಮ ವಾರ್ಡಿನ 20 ಗರ್ಭಿಣಿಯರನ್ನು ಪ್ಯಾಂಟ್ರಿಯೊಳಗೆ ಸೇರಿಸಿ ಬಾಗಿಲು ಹಾಕಿಕೊಂಡು ಕಾಪಾಡಿದರು. ಮುಂದೆ ಕಸಬ್‌ನನ್ನು ಗುರುತಿಸಲು ನ್ಯಾಯಾಲಯಕ್ಕೆ ಹೋದಾಗ ಅವರು ತಮ್ಮ ನರ್ಸ್ ಸಮವಸ್ತ್ರದಲ್ಲೇ ಸಾಕ್ಷಿ ಹೇಳುವ ಅನುಮತಿ ಕೋರಿದರು. 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆಯೂ ಅವರು ಮಾತನಾಡಿದರು. ಸಾಕ್ಷಿಕಟ್ಟೆಯಲ್ಲಿ ಸಂತ್ರಸ್ತೆಯಾಗಿ ನಿಲ್ಲುವುದಕ್ಕೂ ಆ ರಾತ್ರಿಯ ಡ್ಯೂಟಿಯಲ್ಲಿದ್ದ ನರ್ಸ್ ಆಗಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಉದ್ಯೋಗದ ಗುರುತು ಹೀಗೂ ಮನುಷ್ಯರನ್ನು ಎತ್ತಿ ನಿಲ್ಲಿಸಬಲ್ಲದು. ಆದರೆ ಆ ಆಯ್ಕೆ ಅವರದೇ ಆಗಿತ್ತು ಎಂಬುದು ಮುಖ್ಯ.

ನಾರ್ವೆಯ ಸಚಿವಾಲಯಗಳ ಬಗ್ಗೆ ನಡೆದ ಮುಂದಿನ ಅಧ್ಯಯನವೊಂದು ಈ ವಿಷಯಕ್ಕೆ ನೇರವಾಗಿ ಕೈ ಹಾಕಿತು. ಒಂದೇ ಸ್ಫೋಟ ಕಂಡ ನೌಕರರ ಪೈಕಿ ಕೆಲವರು ಹೆಚ್ಚು ನರಳುವುದಕ್ಕೂ ಕೆಲವರು ಕಡಿಮೆ ನರಳುವುದಕ್ಕೂ ಕಚೇರಿಯ ವಾತಾವರಣಕ್ಕೂ ನಂಟಿದೆಯೇ ಎಂದು ಅದು ನೋಡಿತು. ನಂಟು ಕಂಡುಬಂತು. ತನ್ನಿಂದ ಏನನ್ನು ನಿರೀಕ್ಷಿಸಲಾಗುತ್ತಿದೆ ಎಂಬುದು ಸ್ಪಷ್ಟವಾಗಿದ್ದವರಲ್ಲಿ, ಬರುವ ತಿಂಗಳು ಕೆಲಸ ಹೇಗಿರುತ್ತದೆಂದು ಮುಂಚಿತವಾಗಿ ತಿಳಿದಿದ್ದವರಲ್ಲಿ, ಮೇಲಧಿಕಾರಿಯ ಬೆಂಬಲ ಇದೆ ಎಂದವರಲ್ಲಿ ಮಾನಸಿಕ ಯಾತನೆ ಕಡಿಮೆ ಇತ್ತು; ಒಬ್ಬರು ಒಂದು ಹೇಳಿ ಇನ್ನೊಬ್ಬರು ಇನ್ನೊಂದು ಹೇಳುವ ಗೊಂದಲದ ಕೆಲಸದಲ್ಲಿ ಸಿಕ್ಕಿಕೊಂಡವರಲ್ಲಿ ಹೆಚ್ಚಿತ್ತು. ಇದು ಖರ್ಚಿನ ಬಾಬತ್ತೇ ಅಲ್ಲ ಎಂಬುದನ್ನು ಗಮನಿಸಬೇಕು. ಪಾಳಿಯ ಪಟ್ಟಿಯನ್ನು ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಬದಲು ಹದಿನೈದು ದಿನ ಮೊದಲೇ ಹಾಕುವುದು, ಬಾಗಿಲಿಗೆ ಬೆನ್ನು ಮಾಡಿ ಕೂರುವ ಜಾಗವನ್ನು ಬದಲಾಯಿಸಿಕೊಡುವುದು, ಫೈರ್ ಡ್ರಿಲ್ ಇದ್ದರೆ ಅಲಾರಂ ಹೊಡೆಯುವ ಸಮಯವನ್ನು ಮೊದಲೇ ತಿಳಿಸುವುದು, ಕೆಲವು ವಾರ ಅರ್ಧ ದಿನದ ಕೆಲಸಕ್ಕೆ ಅವಕಾಶ ಕೊಡುವುದು, ‘ಯಾವಾಗ ಪೂರ್ತಿ ಸರಿಹೋಗುತ್ತೀಯ’ ಎಂದು ಕೇಳದಿರುವುದು ಇವಕ್ಕೆ ಬೇಕಾಗಿರುವುದು ಯೋಚಿಸುವ ಒಬ್ಬ ಸೂಪರ್‌ವೈಸರ್.

ಒಳ್ಳೆಯ ಉದ್ದೇಶದಿಂದ ಮಾಡುವ ಒಂದು ಕೆಲಸದ ಬಗ್ಗೆ ಇಲ್ಲಿ ಎಚ್ಚರಿಸಬೇಕಾಗಿದೆ. ದುರಂತ ನಡೆದ ಒಂದೆರಡು ದಿನಗಳಲ್ಲೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ, ಕಂಡದ್ದನ್ನೆಲ್ಲ ಒಬ್ಬೊಬ್ಬರಿಂದ ಹೇಳಿಸಿ, ‘ಮನಸ್ಸು ಹಗುರ ಮಾಡಿಕೊಳ್ಳಿ’ ಎನ್ನುವ ಒಂದು ಬಾರಿಯ ಸಭೆಗಳು 1980 ಮತ್ತು 90ರ ದಶಕಗಳಲ್ಲಿ ಪಶ್ಚಿಮದ ಕಂಪನಿಗಳಲ್ಲಿ ಬಹಳ ಚಾಲ್ತಿಯಲ್ಲಿದ್ದವು. ಸಂಶೋಧನೆಗಳನ್ನೆಲ್ಲ ಕ್ರೋಡೀಕರಿಸಿ ನೋಡಿದಾಗ ಇವು ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಲ್ಲಿ ಹೆಚ್ಚಿಸಲೂಬಹುದು ಎಂದು ತಿಳಿದುಬಂತು. ಬ್ರಿಟನ್ನಿನ ಅಧಿಕೃತ ವೈದ್ಯಕೀಯ ಮಾರ್ಗಸೂಚಿ ಇವನ್ನು ಮಾಡಬಾರದೆಂದೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕ್ಷೇತ್ರ ಕಾರ್ಯಕರ್ತರಿಗಾಗಿ ಪ್ರಕಟಿಸಿದ ಕೈಪಿಡಿಯ ಹಾದಿ ಬೇರೆ: ಮೊದಲು ಸುರಕ್ಷತೆ, ನೀರು, ಊಟ, ಮನೆಯವರ ಸಂಪರ್ಕ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳುವುದು, ಹೇಳೆಂದು ಒತ್ತಾಯಿಸದಿರುವುದು, ಮುಂದೆ ಎಲ್ಲಿ ಸಹಾಯ ಸಿಗುತ್ತದೆಂದು ದಾರಿ ತೋರಿಸುವುದು. ಲಕ್ಷಣಗಳು ಒಂದು ತಿಂಗಳು ಮೀರಿದವರಿಗೆ ಆ ನೆನಪನ್ನು ಕ್ರಮವಾಗಿ ಕೈಗೆತ್ತಿಕೊಳ್ಳುವ ಮನೋಚಿಕಿತ್ಸೆ ಇದೆ, ಅದರಿಂದ ಗುಣವಾಗುವವರು ಬಹಳ ಜನ. ಒತ್ತಾಯದ ಮಾತು ಕಚೇರಿಯ ಸಭೆಗಳಲ್ಲಷ್ಟೇ ಅಲ್ಲ, ಟಿ.ವಿ. ಕ್ಯಾಮೆರಾಗಳ ಮುಂದೆಯೂ ನಡೆಯುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದಾಗ ಶಿವಮೊಗ್ಗ ಮತ್ತು ಬೆಂಗಳೂರಿನ ಕುಟುಂಬಗಳ ಯಜಮಾನರೂ ಅದರಲ್ಲಿದ್ದರು. ಕಣ್ಣೆದುರೇ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳಿಂದ, ತಂದೆಯನ್ನು ಕಳೆದುಕೊಂಡ ಮಕ್ಕಳಿಂದ ಅದೇ ದಿನ, ಮರುದಿನ, ಅಂತ್ಯಸಂಸ್ಕಾರದ ದಿನ ಮೈಕ್ ಹಿಡಿದು ‘ಏನಾಯ್ತು ಹೇಳಿ’ ಎಂದು ಕೇಳಿದ್ದನ್ನು ಇಡೀ ಕರ್ನಾಟಕ ನೋಡಿದೆ. ಅದು ಅವರಿಗೆ ಮಾಡಿದ ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಪಹಲ್ಗಾಮ್ ಇನ್ನೊಂದು ಬಗೆಯ ಬದುಕುಳಿದವರನ್ನೂ ನಮ್ಮ ಮುಂದಿಟ್ಟಿತು. ಅಲ್ಲಿನ ಕುದುರೆಯಾಳುಗಳಿಗೂ ಗೈಡುಗಳಿಗೂ ಬೈಸರನ್ ಕೆಲಸದ ಜಾಗ. ಸತ್ತವರಲ್ಲಿ ಒಬ್ಬ ಸ್ಥಳೀಯ ಕುದುರೆಯವನೂ ಇದ್ದ. ಗಾಯಾಳುಗಳನ್ನು ಬೆನ್ನ ಮೇಲೆ, ಕುದುರೆಯ ಮೇಲೆ ಕೆಳಗಿಳಿಸಿದವರು ಅವನ ಸಂಗಾತಿಗಳೇ. ವಾರದೊಳಗೆ ಕಾಶ್ಮೀರದ 87 ಪ್ರವಾಸಿ ತಾಣಗಳ ಪೈಕಿ 48ನ್ನು ಮುಚ್ಚಲಾಯಿತು. ಕಂಡ ಭೀಕರತೆಯ ಜೊತೆಗೆ ಅವರ ದುಡಿಮೆಯೂ ನಿಂತಿತು, ಮೇಲಾಗಿ ಹಲವರು ಅನುಮಾನದ ನೋಟವನ್ನೂ ಎದುರಿಸಿದರು. ಕೆಲಸಕ್ಕೆ ಮರಳುವುದು ಹೇಗೆ ಎಂಬ ಪ್ರಶ್ನೆ ಇವರ ಪಾಲಿಗೆ ಮರಳಲು ಕೆಲಸವಿದೆಯೇ ಎಂಬುದಾಗಿತ್ತು. ಬೆಂಗಳೂರಿನ ಕುಂದಲಹಳ್ಳಿಯ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರ ಮಧ್ಯಾಹ್ನ ಬಾಂಬ್ ಸಿಡಿದು ಗ್ರಾಹಕರೂ ಸಿಬ್ಬಂದಿಯೂ ಸೇರಿ ಸುಮಾರು ಹತ್ತು ಜನ ಗಾಯಗೊಂಡಾಗ, ಒಂದು ವಾರ ಕಳೆದು ಮಾರ್ಚ್ 9ರಂದು ಕೆಫೆ ಮತ್ತೆ ತೆರೆಯಿತು. ಲೋಹಶೋಧಕ ಬಂತು, ಬ್ಯಾಗುಗಳ ತಪಾಸಣೆ ಶುರುವಾಯಿತು, ಎಂದಿನಂತೆ ಸಾಲು ನಿಂತಿತು. ಇಡೀ ಬೆಂಗಳೂರು ಹೋಟೆಲು, ಕ್ಯಾಂಟೀನ್, ಡೆಲಿವರಿ ಹುಡುಗರ ದುಡಿಮೆಯ ಮೇಲೆ ನಿಂತ ಊರು. ಆ ಹುಡುಗರಲ್ಲಿ ಹೆಚ್ಚಿನವರು ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಬಂದು ಪಿ.ಜಿ.ಯಲ್ಲೋ ಮಾಲೀಕ ಕೊಟ್ಟ ಕೋಣೆಯಲ್ಲೋ ಇರುವವರು. ರಾತ್ರಿ ಬೆಚ್ಚಿ ಎದ್ದರೆ ಪಕ್ಕದಲ್ಲಿ ಮನೆಯವರಿಲ್ಲ.

ಬೇರೆ ದೇಶಗಳು ಈ ಕಾಣದ ಗಾಯಾಳುಗಳನ್ನು ಹುಡುಕಿಕೊಂಡು ಹೋದ ಬಗೆ ನಮಗೆ ಉಪಯುಕ್ತ. 2005ರ ಜುಲೈ 7ರಂದು ಲಂಡನ್ನಿನ ಸುರಂಗ ರೈಲು ಮತ್ತು ಬಸ್ಸಿನಲ್ಲಿ ಸ್ಫೋಟಗಳಾಗಿ 52 ಜನ ಸತ್ತ ಮೇಲೆ ಅಲ್ಲಿನ ಆರೋಗ್ಯ ಸೇವೆ, ಜನ ತಾವಾಗಿ ವೈದ್ಯರ ಬಳಿ ಬರಲಿ ಎಂದು ಕಾಯಲಿಲ್ಲ. ದಾಳಿಯಲ್ಲಿ ಸಿಕ್ಕಿಬಿದ್ದವರ ಪಟ್ಟಿ ಮಾಡಿ, ಪ್ರಶ್ನಾವಳಿ ಕಳಿಸಿ, ಅಗತ್ಯ ಕಂಡವರನ್ನು ಚಿಕಿತ್ಸೆಗೆ ಕರೆತಂದಿತು. ಚಿಕಿತ್ಸೆ ಬೇಕಿದ್ದವರ ಪೈಕಿ ಫ್ಯಾಮಿಲಿ ಡಾಕ್ಟರುಗಳ ಮೂಲಕ ಬಂದವರು ತೀರ ಕಡಿಮೆ ಎಂಬುದು ಆಗ ಗೊತ್ತಾಯಿತು. ಕಾಯುತ್ತ ಕೂತಿದ್ದರೆ ಉಳಿದವರು ಸಿಗುತ್ತಲೇ ಇರಲಿಲ್ಲ. ನ್ಯೂಯಾರ್ಕ್‌ನಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಗೆ ಸಿಕ್ಕಿದ ನೌಕರರು, ನಿವಾಸಿಗಳು, ರಕ್ಷಣಾ ಕಾರ್ಯಕರ್ತರು ಸೇರಿ 71,000ಕ್ಕೂ ಹೆಚ್ಚು ಜನರ ಆರೋಗ್ಯ ನೋಂದಣಿಯನ್ನು ತೆರೆದು ಇಂದಿಗೂ ಅವರನ್ನು ವಿಚಾರಿಸಿಕೊಳ್ಳಲಾಗುತ್ತಿದೆ. 2015ರಲ್ಲಿ ಅಲ್ಲಿನ ಸಂಸತ್ತು ಅವರ ಚಿಕಿತ್ಸಾ ಕಾರ್ಯಕ್ರಮವನ್ನು 2090ರವರೆಗೆ ವಿಸ್ತರಿಸಿತು, ಅದರಲ್ಲಿ ಪಿಟಿಎಸ್‌ಡಿಯೂ ಸೇರಿದೆ. 2090 ಎಂಬುದು ಉತ್ಪ್ರೇಕ್ಷೆಯಲ್ಲ. ಅಂದು ಮಗುವಾಗಿದ್ದವರ ಆಯುಸ್ಸನ್ನು ಲೆಕ್ಕ ಹಾಕಿ ಇಟ್ಟಂತಿರುವ ವರ್ಷ ಅದು.

ನಮ್ಮಲ್ಲಿ ಕೇಂದ್ರ ಗೃಹ ಸಚಿವಾಲಯದ ಯೋಜನೆಯೊಂದು 2008ರಿಂದ ಇದೆ. ಭಯೋತ್ಪಾದನೆ, ಕೋಮುಗಲಭೆ, ನಕ್ಸಲ್ ಹಿಂಸೆಗಳಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆ ಮೊದಲು 3 ಲಕ್ಷ ರೂಪಾಯಿ, 2016ರಿಂದ 5 ಲಕ್ಷ ರೂಪಾಯಿ ಕೊಡಲಾಗುತ್ತದೆ; ಬದುಕುಳಿದವರಿಗೆ ಅದು ಸಿಗಬೇಕಾದರೆ ಶಾಶ್ವತ ಅಂಗವೈಕಲ್ಯ ಶೇ 50 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಶೇ 50ರ ಈ ಗೆರೆಯ ಕೆಳಗೆ ಉಳಿದವರೇ ಹೆಚ್ಚು. ಒಂದು ಕಿವಿ ಕೇಳಿಸದವರು, ಮೈಯಲ್ಲಿ ಚೂರುಗಳನ್ನಿಟ್ಟುಕೊಂಡೇ ಓಡಾಡುವವರು, ಜನಸಂದಣಿಗೆ ಹೆದರಿ ಇದ್ದ ಕೆಲಸ ಬಿಟ್ಟು ಅರ್ಧ ಸಂಬಳದ ಕೆಲಸ ಹಿಡಿದವರು ಎಲ್ಲರೂ ಅಲ್ಲಿದ್ದಾರೆ. ಕಾರ್ಮಿಕ ಕಾನೂನಿನ ಕಡೆ ನೋಡಿದರೆ, ಕೆಲಸದಿಂದ ಬರುವ ಕಾಯಿಲೆಗಳೆಂದು 1923ರ ಪರಿಹಾರ ಕಾಯ್ದೆ ಪಟ್ಟಿ ಮಾಡಿದವುಗಳಲ್ಲಿ ಸೀಸದ ವಿಷ, ಕಲ್ನಾರಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಇವೆ, ಮನಸ್ಸಿನ ಕಾಯಿಲೆ ಇಲ್ಲ. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಷರತ್ತಿನೊಡನೆ ಒಳಗೊಂಡದ್ದು ಒಳ್ಳೆಯ ಹೆಜ್ಜೆ. ಲೋಕಲ್ ರೈಲಿನ ಪ್ರಯಾಣಿಕರಂಥವರಿಗೆ ಅದು ದಾರಿ ತೆರೆದೀತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ವೈಕಲ್ಯವೆಂದು ಒಪ್ಪುತ್ತದೆ, ಸೇವೆಯಲ್ಲಿದ್ದಾಗ ವೈಕಲ್ಯಕ್ಕೊಳಗಾದ ನೌಕರರನ್ನು ಕೆಲಸದಿಂದ ತೆಗೆಯಬಾರದು, ದರ್ಜೆ ಇಳಿಸಬಾರದು ಎನ್ನುತ್ತದೆ. ಆದರೆ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಮಾತ್ರ. ಕಾಮಾ ಆಸ್ಪತ್ರೆಯ ನರ್ಸ್‌ಗೆ ಅನ್ವಯಿಸುವ ನಿಯಮ ಎದುರಿನ ಬೀದಿಯ ಹೋಟೆಲಿನ ವೇಟರ್‌ಗೆ ಅನ್ವಯಿಸುವುದಿಲ್ಲ.

ಕಾಲ ಕಳೆದಂತೆ ಎಲ್ಲ ಮರೆಯುತ್ತದೆ ಎಂಬ ಮಾತನ್ನು ಕೋರ್ಟು ಕಚೇರಿಗಳು ಸುಳ್ಳಾಗಿಸುತ್ತವೆ. 2006ರ ರೈಲು ಸ್ಫೋಟ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ 12 ಜನರನ್ನು ಬಾಂಬೆ ಹೈಕೋರ್ಟ್ 2025ರ ಜುಲೈ 21ರಂದು ಖುಲಾಸೆ ಮಾಡಿತು. ತೀರ್ಪಿನ ಸರಿತಪ್ಪು ಇಲ್ಲಿನ ವಿಷಯವಲ್ಲ. ಹತ್ತೊಂಬತ್ತು ವರ್ಷ ದಾಟಿದ ಮೇಲೆ ಆ ದಿನ ಬೆಳಿಗ್ಗೆ ಕಚೇರಿಯಲ್ಲಿ ಕೂತಿದ್ದ ಬದುಕುಳಿದವರ ಫೋನು ಮತ್ತೆ ಮತ್ತೆ ಬಡಿದುಕೊಂಡಿತು ಎಂಬುದಷ್ಟೇ ವಿಷಯ. 2025ರ ಏಪ್ರಿಲ್ 10ರಂದು ಮುಂಬೈ ದಾಳಿಯ ಸಂಚಿನ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದಿಂದ ಕರೆತಂದಾಗ 26/11ರವರಿಗೂ, ಅದೇ ವರ್ಷ ನವೆಂಬರ್ 10ರಂದು ದೆಹಲಿಯ ಕೆಂಪುಕೋಟೆಯ ಬಳಿ ಕಾರು ಸಿಡಿದಾಗ ಹಿಂದಿನ ಎಲ್ಲ ದಾಳಿಗಳವರಿಗೂ ಹೀಗೇ ಆಗಿದ್ದರೆ ಆಶ್ಚರ್ಯವಿಲ್ಲ. ವಾರ್ಷಿಕದ ದಿನ, ತೀರ್ಪಿನ ದಿನ, ಇನ್ನೊಂದು ಊರಿನ ಸ್ಫೋಟದ ಸುದ್ದಿ ಬಂದ ದಿನ ಇವರಿಗೆ ನಿದ್ದೆ ಇರುವುದಿಲ್ಲ, ಮರುದಿನ ಕೆಲಸದಲ್ಲಿ ತಪ್ಪುಗಳಾಗುತ್ತವೆ. ಅದನ್ನು ಅರಿತ ಮೇಲಧಿಕಾರಿ ನವೆಂಬರ್ 26ಕ್ಕೆ ಕೇಳದೆಯೇ ರಜೆ ಮಂಜೂರು ಮಾಡಬಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಬೇರೆ ರಾಜ್ಯಗಳಿಗಿಲ್ಲದ ಅನುಕೂಲವೊಂದಿದೆ. ವಿಪತ್ತಿನ ನಂತರದ ಮಾನಸಿಕ ನೆರವಿನಲ್ಲಿ ದೇಶಕ್ಕೇ ತರಬೇತಿ ಕೊಡುವ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಪ್ರಧಾನ ಕೇಂದ್ರವೂ ಅದೇ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಹಣವಿಲ್ಲದೆ, ಹೆಸರು ಹೇಳದೆಯೂ ಮಾತನಾಡಬಹುದು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ವಿಪತ್ತುಗಳ ಸಂದರ್ಭದ ಮಾನಸಿಕ ಆರೋಗ್ಯಕ್ಕಾಗಿ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇಷ್ಟಿದ್ದೂ ನಾವು ಇನ್ನೂ ಸಂತ್ರಸ್ತರು ಕರೆ ಮಾಡಲಿ ಎಂದೇ ಕಾಯುತ್ತಿದ್ದೇವೆ. ಸ್ಫೋಟ ನಡೆದ ಜಾಗದಲ್ಲಿದ್ದವರ ಹೆಸರು, ಫೋನ್ ನಂಬರುಗಳನ್ನು ಪೊಲೀಸರು ಸಾಕ್ಷಿ ಹೇಳಿಕೆಗಾಗಿ ಹೇಗೂ ಬರೆದುಕೊಳ್ಳುತ್ತಾರೆ. ಅವರ ಒಪ್ಪಿಗೆ ಪಡೆದು ಅದೇ ಪಟ್ಟಿಯನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಕೊಟ್ಟು, ಒಂದು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಒಮ್ಮೆ ಆ ಕಡೆಯಿಂದಲೇ ಕರೆ ಹೋಗುವಂತೆ ಮಾಡಿದರೆ, ಲಂಡನ್ ಮಾಡಿದ್ದರ ಬಹುಭಾಗ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಇಲ್ಲದೆ ಇಲ್ಲೂ ಆಗುತ್ತದೆ. ಆ ಕರೆಯಲ್ಲಿ ನಿದ್ದೆ ಹೇಗಿದೆ ಎಂದು ಕೇಳುವುದರ ಜೊತೆಗೆ, ಕೆಲಸಕ್ಕೆ ಹೋಗುತ್ತಿದ್ದೀರಾ, ಅದೇ ಕೆಲಸವೇ, ಸಂಬಳ ಎಷ್ಟು ಕಡಿಮೆಯಾಗಿದೆ ಎಂದೂ ಕೇಳಿ ಬರೆದಿಟ್ಟುಕೊಂಡರೆ, ಶೇ 50ರ ಗೆರೆಯ ಕೆಳಗೆ ಎಷ್ಟು ಜನರಿದ್ದಾರೆಂದು ಸರ್ಕಾರಕ್ಕೆ ಮೊದಲ ಬಾರಿಗೆ ತಿಳಿಯುತ್ತದೆ.